ಎರಡನೆಯ ಸುದ್ದಿಯೂ ನಮಗೇ ಬರಲಿ

ಒಗೆಯಲು ಹಾಕುವ ಮುಂಚೆ ಮಗನ ಪ್ಯಾಂಟಿನ ಜೇಬಿಗೆ ಕೈ ಹಾಕಿದ ತಾಯಿಗೆ ಸಿಗರೇಟಿನ ಪ್ಯಾಕು ಸಿಗುತ್ತದೆ. ತಂದೆಯ ಮೊಬೈಲಿಗೆ ಬ್ಯಾಂಕಿನ ಸಂದೇಶ ಬರುತ್ತದೆ. ಮನೆಯಲ್ಲಿ ಯಾರೂ ಕೊಳ್ಳದ ಯಾವುದಕ್ಕೋ ಮೂರು ಸಾವಿರ ರೂಪಾಯಿ ಹೋಗಿದೆ. ಪೇಟೆಗೆ ಹೋಗಿದ್ದ ಚಿಕ್ಕಪ್ಪ ಸಂಜೆ ಬಂದು, ಚಪ್ಪಲಿ ಬಿಡುವ ಮೊದಲೇ, "ನಿಮ್ಮ ಹುಡುಗಿ ಬಸ್ ಸ್ಟ್ಯಾಂಡ್ ಹಿಂದೆ ಯಾವನ ಜೊತೆಗೋ ನಿಂತಿದ್ದಳು" ಅನ್ನುತ್ತಾನೆ. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಇಂಥ ಒಂದು ಸಂಜೆ ಬಾರದೇ ಇರುವುದು ಅಪರೂಪ.

ಆ ಸಂಜೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಬಂದ ನಾನು ಎರಡೂ ಕಡೆಯಿಂದ ಕೇಳಿದ್ದೇನೆ. ಅಪ್ಪ ಅಮ್ಮ ಸ್ಟಾಫ್ ರೂಮಿಗೆ ಬಂದು ಹೇಳುತ್ತಾರೆ, ಮಗ ಕಾರಿಡಾರಿನ ತುದಿಯಲ್ಲಿ ನಿಂತು ಹೇಳುತ್ತಾನೆ. ಅಪ್ಪ ಎಷ್ಟು ಹೊಡೆದ, ಅಮ್ಮ ಎಷ್ಟು ಅತ್ತಳು, ಅಜ್ಜಿ ಎಷ್ಟು ಹೊತ್ತು ಊಟ ಬಿಟ್ಟಳು, ಇಷ್ಟರ ಮಟ್ಟಿಗೆ ಇಬ್ಬರ ಮಾತೂ ಒಂದೇ. "ಆಮೇಲೆ?" ಎಂದು ಕೇಳಿದಾಗ ಮಾತ್ರ ದಾರಿ ಬೇರೆಯಾಗುತ್ತದೆ. "ಆಮೇಲಿಂದ ಸುಮ್ಮನಾಗಿದ್ದಾನೆ ಮೇಡಂ, ಬುದ್ಧಿ ಬಂದಿದೆ" ಅನ್ನುತ್ತಾರೆ ಹೆತ್ತವರು. "ಆಮೇಲಿಂದ ಮನೇಲಿ ಏನೂ ಹೇಳಲ್ಲ ಮೇಡಂ" ಅನ್ನುತ್ತಾನೆ ಹುಡುಗ.

ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ಮೌನದ ವಿಷಯವನ್ನೇ. ಮಗುವಿನ ಬಗ್ಗೆ ಮೊದಲ ಕೆಟ್ಟ ಸುದ್ದಿ ನಮಗೆ ಹೇಗೋ ಬರುತ್ತದೆ, ಜೇಬಿನಿಂದಲೋ ನೆಂಟರಿಂದಲೋ. ಎರಡನೆಯದು ನಮಗೆ ಬರುತ್ತದೋ ಇಲ್ಲವೋ ಎಂಬುದು ಮೊದಲನೆಯದು ಬಂದಾಗ ನಾವು ಹೇಗೆ ನಡೆದುಕೊಂಡೆವು ಎಂಬುದನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಹೆಚ್ಚು ಅಪಾಯದ್ದು ಎರಡನೆಯದು, ಮೂರನೆಯದು.

ನಾವು ಕಾವಲು ಕಾದೇ ಮಕ್ಕಳನ್ನು ಉಳಿಸಿಕೊಳ್ಳುತ್ತೇವೆ ಎಂದುಕೊಂಡಿರುತ್ತೇವೆ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ, ಫೋನ್ ಕೊಡು ನೋಡೋಣ. ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಹದಿನಾಲ್ಕರ ಆಸುಪಾಸಿನ ಮಕ್ಕಳನ್ನೂ ಅವರ ತಂದೆ ತಾಯಿಯರನ್ನೂ ಕೇಳಿ ನೋಡಿ, 2000ನೇ ಇಸವಿಯಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ಮಗುವಿನ ದಿನಚರಿ ಹೆತ್ತವರಿಗೆ ಚೆನ್ನಾಗಿ ತಿಳಿದಿರುವ ಮನೆಗಳಲ್ಲಿ ಮಕ್ಕಳು ದಾರಿ ತಪ್ಪುವುದು ಕಡಿಮೆ ಎಂಬುದು ಮೊದಲಿನಿಂದಲೂ ತಿಳಿದಿದ್ದ ಸಂಗತಿ. ಅವರು ಕೇಳಿದ್ದು ಅದರ ಹಿಂದಿನ ಪ್ರಶ್ನೆ: ಹೆತ್ತವರಿಗೆ ಅದು ತಿಳಿದದ್ದು ಹೇಗೆ? ಪ್ರಶ್ನೆ ಹಾಕಿಯೋ, ಕಟ್ಟುಪಾಡು ವಿಧಿಸಿಯೋ, ಅಥವಾ ಮಗು ತಾನಾಗಿ ಹೇಳಿಯೋ? ಅವರಿಗೆ ಸಿಕ್ಕ ಉತ್ತರ ಮೂರನೆಯದು. ತಿಳುವಳಿಕೆಯ ಬಹುಪಾಲು ಮಗು ಬಾಯಿಬಿಟ್ಟು ಹೇಳಿದ್ದರಿಂದಲೇ ಬಂದಿತ್ತು.

ಸ್ವೀಡನ್ನಿನ ಮನೆ ಬೇರೆ, ನಮ್ಮ ಮನೆ ಬೇರೆ, ಒಪ್ಪುತ್ತೇನೆ. ನಮ್ಮಲ್ಲಿ ಅಕ್ಕಪಕ್ಕದವರ ಕಣ್ಣುಗಳೂ ಇವೆ. ಆದರೆ ಆ ಕಣ್ಣುಗಳು ಬಸ್ ಸ್ಟ್ಯಾಂಡಿನವರೆಗೆ ನೋಡಬಲ್ಲವು, ಹೊದಿಕೆಯ ಒಳಗೆ ಬೆಳಗುವ ಫೋನಿನ ಪರದೆಯನ್ನು ನೋಡಲಾರವು. ಹಿಂದಿನ ಕಾಲದ ತಾಯ್ತಂದೆಗಳಿಗಿಂತ ನಾವು ಮಗುವಿನ ಮಾತನ್ನೇ ಹೆಚ್ಚು ನೆಚ್ಚಬೇಕಾಗಿ ಬಂದಿದೆ.

"ಇಷ್ಟು ಓದಿದವನಿಗೆ ಅಷ್ಟೂ ಗೊತ್ತಾಗಲ್ವಾ?" ಇದು ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ. ಗೊತ್ತಿರುತ್ತದೆ. ಹದಿನಾರರ ಹುಡುಗನಿಗೆ ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆಂದು ನಮ್ಮಷ್ಟೇ ಗೊತ್ತು. ಪ್ಯಾಕಿನ ಮೇಲಿನ ಚಿತ್ರವನ್ನು ಅವನು ನಮಗಿಂತ ಹತ್ತಿರದಿಂದ ನೋಡಿದ್ದಾನೆ. ಮುಂದಿನ ಪರಿಣಾಮವನ್ನು ತೂಗಿ, ಬಂದ ಆಸೆಯನ್ನು ತಡೆಹಿಡಿಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಹೊಸದು, ರೋಮಾಂಚನ, ಗೆಳೆಯರ ಮೆಚ್ಚುಗೆ ಇವುಗಳಿಗೆ ಪುಟಿಯುವ ಭಾಗ ಮಾತ್ರ ಹದಿಮೂರು ಹದಿನಾಲ್ಕಕ್ಕೇ ಚುರುಕಾಗಿರುತ್ತದೆ. ಈ ಎರಡರ ನಡುವಿನ ವರ್ಷಗಳೇ ಕಷ್ಟದ ವರ್ಷಗಳು.

ಇದಕ್ಕೆ ಗೆಳೆಯರು ಸೇರಿದರೆ ಏನಾಗುತ್ತದೆ ಎಂದು ಅಮೆರಿಕದ ಲಾರೆನ್ಸ್ ಸ್ಟೀನ್‌ಬರ್ಗ್ ಮತ್ತು ಮಾರ್ಗೋ ಗಾರ್ಡ್‌ನರ್ ಒಂದು ಕಾರು ಓಡಿಸುವ ವಿಡಿಯೊ ಆಟದ ಮೂಲಕ ಪರೀಕ್ಷಿಸಿದರು. ಪ್ರಕಟವಾದದ್ದು 2005ರಲ್ಲಿ. ಹಳದಿ ದೀಪ ಹೊತ್ತಿದ ಮೇಲೂ ಎಷ್ಟು ದೂರ ನುಗ್ಗುತ್ತಾರೆ ಎಂಬುದೇ ಪರೀಕ್ಷೆ. ಇಪ್ಪತ್ತನಾಲ್ಕು ದಾಟಿದವರು ಒಬ್ಬರೇ ಇದ್ದರೂ ಗೆಳೆಯರು ಪಕ್ಕದಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ರೀತಿ ಆಡಿದರು. ಹದಿಮೂರರಿಂದ ಹದಿನಾರರ ಮಕ್ಕಳು ಗೆಳೆಯರ ಎದುರಿಗೆ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ನಮ್ಮ ಊಟದ ಮೇಜಿನಲ್ಲಿ ಅಷ್ಟು ಜಾಣತನದಿಂದ ಮಾತಾಡುವ ಮಗ, ಮೂವರು ಗೆಳೆಯರ ನಡುವೆ ಬೈಕಿನ ಮುಂದಿನ ಚಕ್ರ ಎತ್ತುತ್ತಾನೆ. ಎರಡೂ ಅವನೇ. ಮನೆಯಲ್ಲಿ ನಮಗೆ ಕೊಟ್ಟ ಮಾತು ಸುಳ್ಳಾಗಿರಲಿಲ್ಲ. ಆ ಮಾತು ಕೊಟ್ಟಾಗ ಗೆಳೆಯರು ಜೊತೆಗಿರಲಿಲ್ಲ, ಅಷ್ಟೆ.

ಆದ್ದರಿಂದ ಹೆದರಿಸಿ ತಿದ್ದುವ ದಾರಿಯಲ್ಲಿ ನನಗೆ ನಂಬಿಕೆ ಇಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1970ರ ದಶಕದಲ್ಲಿ ಹಾದಿ ತಪ್ಪುತ್ತಿದ್ದ ಹುಡುಗರನ್ನು ಸೆರೆಮನೆಯ ಒಳಗೆ ಕರೆದೊಯ್ದು, ಜೀವಾವಧಿ ಕೈದಿಗಳಿಂದ ಕೂಗಾಡಿಸಿ ಹೆದರಿಸುವ ಕಾರ್ಯಕ್ರಮ ನಡೆಯಿತು. ಅದರ ಮೇಲೆ ಪ್ರಸಿದ್ಧವಾದ ಸಾಕ್ಷ್ಯಚಿತ್ರವೂ ಬಂತು, ಊರೂರಿನಲ್ಲಿ ಅದನ್ನು ಅನುಸರಿಸಿದರು. ಆಮೇಲೆ ಇಂಥ ಕಾರ್ಯಕ್ರಮಗಳನ್ನು ಒಟ್ಟಾಗಿಟ್ಟು ಪರಿಶೀಲಿಸಿದಾಗ, ಹೋಗದೇ ಇದ್ದ ಹುಡುಗರಿಗಿಂತ ಹೋಗಿಬಂದ ಹುಡುಗರೇ ಹೆಚ್ಚು ತಪ್ಪು ಮಾಡಿದ್ದರು ಎಂದು ಗೊತ್ತಾಯಿತು. "ಪೊಲೀಸರಿಗೆ ಹಿಡಿದುಕೊಡ್ತೀನಿ", "ಹಾಸ್ಟೆಲಿಗೆ ಹಾಕ್ತೀನಿ" ಎಂಬ ನಮ್ಮ ಮನೆಯ ಬೆದರಿಕೆಗಳೂ ಇದೇ ಜಾತಿಯವು.

ಹಾಗಾದರೆ ಬಿಟ್ಟುಬಿಡುವುದೇ ಎಂದು ಕೆಲವು ಕೇಳುಗರು ಈಗಾಗಲೇ ಕೇಳುತ್ತಿರಬಹುದು. ಇಲ್ಲ. ಕೆಲವು ವಿಷಯಗಳಲ್ಲಿ ಒಂದಿಂಚೂ ಬಿಡಬಾರದು. ಅದರಲ್ಲಿ ಮೊದಲನೆಯದು ಗಾಡಿಯ ಕೀ.

ಮಗ ಒಂಬತ್ತನೇ ಕ್ಲಾಸಿಗೇ ಬೈಕ್ ಓಡಿಸುತ್ತಾನೆ ಎಂದು ಹೆಮ್ಮೆಯಿಂದ ಹೇಳುವ ತಂದೆಯರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಹಾಲಿನ ಡೈರಿಗೆ ಹೋಗಿ ಬಾ, ಅಂಗಡಿಯಿಂದ ಸಕ್ಕರೆ ತಾ ಎಂದು ಕೀ ಕೊಡುವವರೂ ನಾವೇ. ಅಲ್ಲಿಂದ ಹೆದ್ದಾರಿ ಎಷ್ಟು ದೂರ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಹೊಣೆ ಪೋಷಕರದು ಅಥವಾ ಗಾಡಿಯ ಮಾಲೀಕರದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಹದಿನಾರಕ್ಕೆ ಲೈಸೆನ್ಸ್ ಸಿಗುತ್ತದಲ್ಲ ಎನ್ನುವವರಿಗೆ ಒಂದು ಮಾತು: ಅದು 50 ಸಿಸಿವರೆಗಿನ, ಗೇರಿಲ್ಲದ ಗಾಡಿಗೆ ಮಾತ್ರ. ಮನೆಯ ಮುಂದೆ ನಿಂತಿರುವ ಸ್ಕೂಟರು ಸಾಮಾನ್ಯವಾಗಿ 110 ಅಥವಾ 125 ಸಿಸಿಯದು. ಕಾನೂನಿನ ಹೆದರಿಕೆಗಾಗಿ ಇದನ್ನು ಹೇಳುತ್ತಿಲ್ಲ. ಇಲ್ಲಿ ಮಗು ಮಾಡಿದ ತಪ್ಪಿಗಿಂತ ಮೊದಲು ನಾವು ಮಾಡಿದ ತಪ್ಪೊಂದಿದೆ ಎಂದು ತೋರಿಸಲು ಹೇಳುತ್ತಿದ್ದೇನೆ. ಕೀ ಕೊಟ್ಟು, ಆಮೇಲೆ ವೇಗದ ಬಗ್ಗೆ ಬೈಯುವುದರಲ್ಲಿ ನ್ಯಾಯವಿಲ್ಲ.

ಹದಿನೆಂಟು ದಾಟಿ, ಲೈಸೆನ್ಸ್ ಪಡೆದ ಮಗನಿಗೂ ಒಂದು ಮಾತನ್ನು ಮೊದಲೇ ಹೇಳಿಡಿ. "ಯಾವತ್ತಾದರೂ ರಾತ್ರಿ ನೀನು ಕುಡಿದಿದ್ದರೆ, ಇಲ್ಲ ನಿನ್ನನ್ನು ಕೂರಿಸಿಕೊಂಡು ಬರುವವನು ಕುಡಿದಿದ್ದರೆ, ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಬಂದು ಕರ್ಕೊಂಡು ಬರ್ತೀನಿ. ಆ ರಾತ್ರಿ ಒಂದು ಮಾತೂ ಕೇಳಲ್ಲ. ಮಾರನೇ ದಿನ ಮಾತಾಡೋಣ." ಇದನ್ನು ಹೇಳಿದರೆ ಕುಡಿಯಲು ಒಪ್ಪಿಗೆ ಕೊಟ್ಟಂತಾಗುತ್ತದೆ ಎಂದು ತಂದೆಯೊಬ್ಬರು ನನ್ನೊಡನೆ ವಾದಿಸಿದರು. ನನಗೆ ಹಾಗನ್ನಿಸುವುದಿಲ್ಲ. ಕುಡಿಯುವುದು ಸರಿಯಲ್ಲ ಎಂಬ ಮಾತು ಹಾಗೇ ಇರಲಿ, ಅದನ್ನು ಹತ್ತು ಸಲ ಹೇಳಿ. ಆದರೆ ಆ ಮಾತು ಮೀರಿದ ರಾತ್ರಿ ಅವನು ಜೀವಂತ ಮನೆಗೆ ಬರಬೇಕು. ಮತ್ತು ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಿ. ಕಾರಿನಲ್ಲಿ ಬರುವಾಗ ಹತ್ತು ನಿಮಿಷ ತಡೆದುಕೊಂಡು ಹನ್ನೊಂದನೆಯ ನಿಮಿಷಕ್ಕೆ ಶುರುಮಾಡಿದರೆ, ಮುಂದಿನ ಸಲ ಫೋನು ಬರುವುದಿಲ್ಲ.

ತಂಬಾಕಿನ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ಬೀಡಿ, ಸಿಗರೇಟು, ಜಗಿಯುವ ತಂಬಾಕು ಯಾವುದನ್ನೂ ಮಾರುವಂತಿಲ್ಲ. ಹದಿನೆಂಟರ ಒಳಗಿನ ಮಗುವಿಗೆ ತಂಬಾಕು, ಮದ್ಯ, ಮಾದಕವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಏಳು ವರ್ಷದವರೆಗಿನ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡ ಹೇಳುತ್ತದೆ. ಹೀಗಿದ್ದೂ ತುಟಿಯ ಒಳಗೆ ಸಿಕ್ಕಿಸಿಕೊಳ್ಳುವ ತಂಬಾಕಿನ ಪುಟ್ಟ ಚೀಲ ಶಾಲೆಯ ಹತ್ತಿರದ ಗೂಡಂಗಡಿಯಲ್ಲಿ ಸಿಗುತ್ತದೆ ಎಂದು ಮಕ್ಕಳೇ ಹೇಳುತ್ತಾರೆ. ಕ್ಲಾಸಿನಲ್ಲಿ ಕೂತಿದ್ದರೂ ಹೊಗೆಯಿಲ್ಲ, ವಾಸನೆಯೂ ಅಷ್ಟಾಗಿ ಬಾರದು. ಮಗನ ಕೆನ್ನೆಗೆ ಬಾರಿಸುವ ಬದಲು ನಾಲ್ಕು ಜನ ಪೋಷಕರು ಒಟ್ಟಾಗಿ ಆ ಅಂಗಡಿಗೆ ಹೋಗಿ ನಿಂತು ಮಾತಾಡಿದರೆ, ಕೇಳದಿದ್ದರೆ ದೂರು ಕೊಟ್ಟರೆ, ಹೆಚ್ಚು ಕೆಲಸವಾಗುತ್ತದೆ. ಇನ್ನೊಂದು ವಿಷಯ, ಬೇಸರ ಮಾಡಿಕೊಳ್ಳಬೇಡಿ. ಅಪ್ಪನಿಗೆ ಸಿಗರೇಟು ತರಲು ಅಂಗಡಿಗೆ ಓಡುವವನು ಯಾರು? ಎಷ್ಟೋ ಮನೆಗಳಲ್ಲಿ ಆ ಹುಡುಗನೇ.

ಗಾಂಜಾ ಮತ್ತು ಅದಕ್ಕಿಂತ ಮುಂದಿನವುಗಳ ಮಾತು ಬಂದಾಗ ಹೆತ್ತವರ ಕೈಕಾಲು ಆಡದಂತಾಗುತ್ತದೆ. ಯಾವ ಲಕ್ಷಣ ನೋಡಬೇಕು ಎಂದು ಕೇಳುತ್ತಾರೆ. ಯಾವುದೋ ಒಂದು ಲಕ್ಷಣ ಹಿಡಿದು ತೀರ್ಮಾನಕ್ಕೆ ಬರಬೇಡಿ. ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಮುಖ ಸಿಂಡರಿಸುವುದು ಈ ವಯಸ್ಸಿನ ಎಲ್ಲ ಮಕ್ಕಳೂ ಮಾಡುವ ಕೆಲಸ. ಆದರೆ ಹಳೆಯ ಗೆಳೆಯರೆಲ್ಲ ಒಟ್ಟಿಗೇ ಬಿಟ್ಟುಹೋಗಿ ಹೊಸಬರು ಬಂದರೆ, ಜೀವಕ್ಕಿಂತ ಹೆಚ್ಚಾಗಿದ್ದ ಕಬಡ್ಡಿಯನ್ನೋ ಕ್ರಿಕೆಟ್ಟನ್ನೋ ಬಿಟ್ಟರೆ, ಹಗಲು ನಿದ್ದೆ ರಾತ್ರಿ ಎಚ್ಚರವಾದರೆ, ಮನೆಯಲ್ಲಿ ಹಣ ಕಾಣೆಯಾಗತೊಡಗಿದರೆ, ಇವು ಜೊತೆಗೂಡಿ ವಾರಗಟ್ಟಲೆ ನಡೆದರೆ ತಡ ಮಾಡಬಾರದು. ಆಸ್ಪತ್ರೆಗೆ ಹೋದರೆ ಊರೆಲ್ಲ ಗೊತ್ತಾಗುತ್ತದೆ ಎಂಬ ಅಳುಕಿನಲ್ಲಿ ಎಷ್ಟೋ ಕುಟುಂಬಗಳು ವರ್ಷ ಕಳೆಯುತ್ತವೆ. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ದೂರದವರು ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ. ಜಿಲ್ಲೆ ಜಿಲ್ಲೆಯಲ್ಲೂ ಮಾನಸಿಕ ಚಿಕಿತ್ಸೆ ಸಿಗಬೇಕು ಎಂಬ ಯೋಚನೆಯನ್ನು 1980ರ ದಶಕದಲ್ಲಿ ದೇಶಕ್ಕೇ ಮೊದಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. ಇಂದು ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ವ್ಯಸನದ ಬಗ್ಗೆ ಸಲಹೆಗೆ 14446 ಎಂಬ ಉಚಿತ ಸಹಾಯವಾಣಿ ಇದೆ.

ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ನಿಷೇಧಿಸಿದೆ. ಆ ಕಾನೂನಿನಲ್ಲಿ ಶಿಕ್ಷೆ ಇರುವುದು ಆಡಿಸಿದವರಿಗೆ, ಅದರ ಜಾಹೀರಾತು ಕೊಟ್ಟವರಿಗೆ. ಆಡಿ ಸೋತವರಿಗೆ ಅಲ್ಲ. ಮನೆಯಲ್ಲೂ ಈ ಭೇದ ಇರಲಿ. ಫೋನನ್ನು ಗೋಡೆಗೆ ಬಡಿದರೆ ಸಾಲ ಒಡೆಯುವುದಿಲ್ಲ. ಎಷ್ಟು ಸೋತಿದ್ದಾನೆ, ಯಾರಿಂದ ತಂದಿದ್ದಾನೆ ಎಂಬ ಪೂರ್ತಿ ಲೆಕ್ಕ ಹೊರಗೆ ಬರಬೇಕು. ಮೊದಲ ದಿನ ಮಗ ಹೇಳುವ ಅಂಕಿ ಸಾಮಾನ್ಯವಾಗಿ ನಿಜದ ಅಂಕಿಗಿಂತ ಕಡಿಮೆ ಇರುತ್ತದೆ. ಅವನು ನಿಮ್ಮ ಮುಖ ನೋಡುತ್ತಾ ಹೇಳುತ್ತಿರುತ್ತಾನೆ. ಮುಖ ತಾಳಿಕೊಂಡಷ್ಟೂ ಲೆಕ್ಕ ಪೂರ್ತಿಯಾಗುತ್ತದೆ. ಫೋನು, ಆಟಗಳ ಗೀಳಿಗೆ ನಿಮ್ಹಾನ್ಸಿನಲ್ಲಿ 2014ರಿಂದಲೇ 'ಶಟ್' ಎಂಬ ಹೆಸರಿನ ಕ್ಲಿನಿಕ್ ನಡೆಯುತ್ತಿದೆ.

ಇನ್ನು ಹೆಣ್ಣುಮಕ್ಕಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಮಗ ಸಿಗರೇಟು ಸೇದಿದರೆ "ವಯಸ್ಸು, ಸರಿಹೋಗ್ತಾನೆ" ಎಂದು ಹೇಳಲು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಮಗಳು ಒಬ್ಬ ಹುಡುಗನ ಜೊತೆ ಫೋನಿನಲ್ಲಿ ಮಾತಾಡಿದ್ದು ಗೊತ್ತಾದರೆ ಹಾಗೆ ಹೇಳುವವರು ಯಾರೂ ಇರುವುದಿಲ್ಲ. ಕಾಲೇಜು ಬಿಡಿಸುತ್ತಾರೆ. ಫೋನು ಕಿತ್ತುಕೊಳ್ಳುತ್ತಾರೆ. ಮೂರು ತಿಂಗಳೊಳಗೆ ದೂರದ ಸಂಬಂಧದಲ್ಲಿ ಹುಡುಗನನ್ನು ಹುಡುಕುತ್ತಾರೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಸಾಲಾಗಿ ಗೈರು ಬೀಳುತ್ತಾ ಹೋದಾಗ ನಮ್ಮಂಥ ಉಪನ್ಯಾಸಕಿಯರಿಗೆ ಕಾರಣ ಕೇಳುವುದಕ್ಕೆ ಮುಂಚೆಯೇ ಗೊತ್ತಾಗುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ ಮಾತ್ರವಲ್ಲ, ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ ಅದು ಮೊದಲಿನಿಂದಲೇ ಅಸಿಂಧು, ಆಗಿಯೇ ಇಲ್ಲ ಎಂದು ಅರ್ಥ. ಮಾನ ಉಳಿಸಿಕೊಳ್ಳಲು ಮಾಡಿದ ಆ ಕೆಲಸ, ಕಾನೂನಿನ ಕಣ್ಣಿನಲ್ಲಿ ಮಗಳಿಗೆ ಮದುವೆಯ ಭದ್ರತೆಯನ್ನೂ ಕೊಡುವುದಿಲ್ಲ.

ಅದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬೇರೆ. ಹುಡುಗಿ ಒಬ್ಬನನ್ನು ನಂಬಿ ತನ್ನದೊಂದು ಖಾಸಗಿ ಫೋಟೊ ಕಳಿಸಿರುತ್ತಾಳೆ. ಆತ ಅದನ್ನು ಇಟ್ಟುಕೊಂಡು ಇನ್ನೊಂದು ಕೇಳುತ್ತಾನೆ, ಆಮೇಲೆ ಹಣ ಕೇಳುತ್ತಾನೆ, ಆಮೇಲೆ ಬಾ ಎಂದು ಕರೆಯುತ್ತಾನೆ. ಅವನ ಕೈಯಲ್ಲಿರುವ ಆಯುಧ ಆ ಫೋಟೊ ಅಲ್ಲ. "ನಿಮ್ಮಪ್ಪನಿಗೆ ತೋರಿಸ್ತೀನಿ" ಎಂಬ ಒಂದು ಮಾತು. ಅಪ್ಪನಿಗೆ ಗೊತ್ತಾಗುವುದು ಆ ಹುಡುಗಿಗೆ ಎಲ್ಲಕ್ಕಿಂತ ದೊಡ್ಡ ಅಪಾಯವಾಗಿ ಕಂಡಷ್ಟು ದಿನ ಅವಳು ಅವನ ಹಿಡಿತದಲ್ಲೇ ಇರುತ್ತಾಳೆ. "ಅಪ್ಪ, ಹೀಗಾಗಿದೆ" ಎಂದು ಅವಳು ಹೇಳಿದ ಗಳಿಗೆಯಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಹೆಣ್ಣುಮಕ್ಕಳ ತಂದೆಯರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ: ಏನೂ ಆಗುವ ಮೊದಲೇ, ಸುಮ್ಮನೆ ಒಂದು ದಿನ, ಟಿವಿಯಲ್ಲಿ ಅಂಥ ಸುದ್ದಿ ಬಂದಾಗಲಾದರೂ, ಮಗಳಿಗೆ ಕೇಳುವಂತೆ ಹೇಳಿ: "ನಮ್ಮ ಮನೆ ಮಗುಗೆ ಹೀಗಾದರೆ ನಾನು ಮೊದಲು ಅವಳ ಪಕ್ಕ ನಿಲ್ತೀನಿ, ಆಮೇಲೆ ಉಳಿದ ಮಾತು." ಹದಿನೆಂಟರ ಒಳಗಿನ ಮಗುವಿನ ಅಂಥ ಚಿತ್ರವನ್ನು ಇಟ್ಟುಕೊಂಡು ಬೆದರಿಸುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗೆ ಗಂಭೀರ ಅಪರಾಧ. ಸಂದೇಶಗಳನ್ನು ಅಳಿಸಬೇಡಿ, ಅವು ಸಾಕ್ಷಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930.

ಮನಸ್ಸಿಗೆ ಬಹಳ ಭಾರವಾದ ವಿಷಯವೊಂದಿದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವ ತೆಗೆದುಕೊಂಡರು. ಮಗು "ನಾನಿದ್ದು ಏನು ಪ್ರಯೋಜನ" ಎಂದರೆ, ತನಗಿಷ್ಟವಾದ ವಸ್ತುಗಳನ್ನು ಯಾರ್ಯಾರಿಗೋ ಕೊಡತೊಡಗಿದರೆ, ಕೈ ಕೊಯ್ದುಕೊಂಡ ಗುರುತು ಮುಚ್ಚಲು ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿದರೆ, ಅದನ್ನು ನಾಟಕ ಎನ್ನಬೇಡಿ. ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ ಕಂದ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂಬ ಭಯ ಎಲ್ಲರಿಗೂ ಇದೆ. ಬರುವುದಿಲ್ಲ. ಮನೋವೈದ್ಯರೂ ಹೀಗೇ ನೇರವಾಗಿ ಕೇಳುತ್ತಾರೆ. ಒಬ್ಬರು ಕೇಳಿದರಲ್ಲ ಎಂದು ಮಗುವಿಗೆ ಉಸಿರು ಬರುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹಳ್ಳಿಯ ಕೇಳುಗರಿಗೆ ಒಂದು ಮಾತು. ಹೊಲಕ್ಕೆ ಸಿಂಪಡಿಸುವ ಔಷಧಿಯ ಡಬ್ಬಿಯನ್ನು ಜಗುಲಿಯ ಮೂಲೆಯಲ್ಲೋ ಕೊಟ್ಟಿಗೆಯ ಅಟ್ಟದಲ್ಲೋ ಇಡಬೇಡಿ. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬೀಗ ಇರಬೇಕು, ಬೀಗದ ಕೈ ದೊಡ್ಡವರ ಹತ್ತಿರ ಇರಬೇಕು. ಈ ವಯಸ್ಸಿನಲ್ಲಿ ಸಾಯುವ ಯೋಚನೆ ಎಷ್ಟೋ ಸಲ ಕೆಲವೇ ನಿಮಿಷಗಳ ಆವೇಗ. ಆ ನಿಮಿಷಗಳಲ್ಲಿ ಕೈಗೆ ಏನೂ ಸಿಗದಿದ್ದರೆ ಮಗು ಉಳಿಯುತ್ತದೆ, ಹಾಗೆ ಉಳಿದವರಲ್ಲಿ ಹೆಚ್ಚಿನವರು ಬದುಕನ್ನೇ ಆರಿಸಿಕೊಳ್ಳುತ್ತಾರೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದ ಮೇಲೆ, ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಫಲಿತಾಂಶದ ದಿನದ ಬಗ್ಗೆಯೂ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಮಕ್ಕಳಿಗೆ 2024ರಿಂದ ಅದೇ ವರ್ಷದಲ್ಲೇ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಫಲಿತಾಂಶ ಬರುವ ಹಿಂದಿನ ರಾತ್ರಿಯೇ ಇದನ್ನು ಮಗುವಿಗೆ ಹೇಳಿ. ಮರುದಿನ ಮನೆಯಲ್ಲಿ ಯಾರಾದರೂ ಒಬ್ಬರು ಇರಿ.

ಮತ್ತೆ ಆ ಸಂಜೆಗೆ ಬರುತ್ತೇನೆ, ಕೈಯಲ್ಲಿ ಸಿಗರೇಟಿನ ಪ್ಯಾಕು ಇದೆ, ಮಗ ಒಳಗೆ ಬಂದ. ಏನು ಹೇಳುವುದು? "ಇದು ನಿನ್ನ ಜೇಬಲ್ಲಿ ಸಿಕ್ಕಿತು. ನನಗೆ ಭಯ ಆಗಿದೆ. ಈಗಲೇ ಮಾತಾಡಿದರೆ ಕೂಗಾಡಿಬಿಡ್ತೀನಿ. ಊಟ ಮಾಡು, ನಾಳೆ ಮಾತಾಡೋಣ." ಇಷ್ಟು ಸಾಕು. ಸುಳ್ಳು ಶಾಂತಿ ನಟಿಸಬೇಕಾಗಿಲ್ಲ. ಭಯವಾಗಿದೆ ಎಂಬುದು ನಿಜ, ಅದನ್ನೇ ಹೇಳಿ. ಸಿಟ್ಟಿಗಿಂತ ಅದು ಮಗುವಿಗೆ ಬೇಗ ಮುಟ್ಟುತ್ತದೆ. ಮಾರನೆಯ ದಿನ ಎದುರುಬದುರು ಕೂರಿಸಿಕೊಂಡು ವಿಚಾರಣೆ ನಡೆಸಬೇಡಿ. ಹುಡುಗರು ಪಕ್ಕದಲ್ಲಿ ಕೂತಾಗ ಮಾತಾಡುತ್ತಾರೆ, ಎದುರಿಗೆ ಕೂತಾಗ ಅಲ್ಲ. ಜೊತೆಗೆ ತೋಟಕ್ಕೆ ನಡೆಯುವಾಗ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ, ಅವರೆಕಾಯಿ ಬಿಡಿಸುವಾಗ ಮಾತು ತಾನಾಗಿ ಬರುತ್ತದೆ. "ಯಾಕೆ ಸೇದಿದೆ?" ಎಂದರೆ "ಸುಮ್ನೆ" ಎಂಬ ಉತ್ತರ ಬರುತ್ತದೆ. "ಮೊದಲ ಸಲ ಎಲ್ಲಿ, ಯಾರ ಜೊತೆ, ಹೇಗನ್ನಿಸ್ತು?" ಎಂದರೆ ಒಂದು ಕತೆ ಬರುತ್ತದೆ. ಕತೆ ಪೂರ್ತಿ ಕೇಳಿ. ನಡುವೆ ಬುದ್ಧಿ ಹೇಳಬೇಕೆಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳಿ. ಅದು ಕಷ್ಟ, ನನಗೆ ಗೊತ್ತು.

ಆಮೇಲೆ ಶಿಕ್ಷೆ. ಬೇಕಾದರೆ ಇರಲಿ, ಆದರೆ ಅದು ತಪ್ಪಿಗೆ ಸಂಬಂಧಪಟ್ಟದ್ದಾಗಿರಲಿ ಮತ್ತು ಅದಕ್ಕೊಂದು ಕೊನೆ ಇರಲಿ. ಕೈಖರ್ಚಿನ ಹಣ ಸಿಗರೇಟಿಗೆ ಹೋಗಿದ್ದರೆ ಒಂದು ತಿಂಗಳು ಕೈಖರ್ಚು ಇಲ್ಲ, ಅದು ಸರಿ. "ಇನ್ನು ಮೇಲೆ ನೀನು ನನ್ನ ಮಗನೇ ಅಲ್ಲ" ಎನ್ನುವುದಕ್ಕೆ ಕೊನೆಯೂ ಇಲ್ಲ, ಅದನ್ನು ಪಾಲಿಸಲೂ ಆಗುವುದಿಲ್ಲ. ಊಟ, ಓದು, ಮನೆಯೊಳಗಿನ ಜಾಗ ಇವುಗಳನ್ನು ಶಿಕ್ಷೆಗೆ ಬಳಸಲೇಬಾರದು. ನೆಂಟರ ಮುಂದೆ ಹೇಳಿ ಅವಮಾನ ಮಾಡುವುದಂತೂ ಬೇಡವೇ ಬೇಡ. ಈಗಾಗಲೇ ಹೊಡೆದಾಗಿದೆ, ಆಡಬಾರದ ಮಾತು ಆಡಿಯಾಗಿದೆ ಎನ್ನುವ ಹೆತ್ತವರೂ ಇದನ್ನು ಕೇಳುತ್ತಿರಬಹುದು. ಹೋಗಿ ಮಗನ ಹತ್ತಿರ "ಆ ದಿನ ಹೊಡೆದದ್ದು ತಪ್ಪಾಯಿತು. ಸಿಗರೇಟಿನ ವಿಷಯದಲ್ಲಿ ನನ್ನ ಮಾತು ಅದೇ, ಆದರೆ ಹೊಡೀಬಾರದಿತ್ತು" ಎನ್ನಿ. ನಮ್ಮ ಕಡೆ ಅಪ್ಪಂದಿರಿಗೆ ಇದು ಅಭ್ಯಾಸವಿಲ್ಲ. ಹೇಳಿದ ಅಪ್ಪನ ಬಗ್ಗೆ ಮಕ್ಕಳು ನನ್ನ ಹತ್ತಿರ ಎಂಥ ಅಭಿಮಾನದಿಂದ ಮಾತಾಡಿದ್ದಾರೆ ಎಂಬುದನ್ನು ಆ ಅಪ್ಪಂದಿರು ಕೇಳಿಸಿಕೊಳ್ಳಬೇಕಿತ್ತು.

ಏನು ಮಾಡಿದರೂ ನಿಮ್ಮ ಹತ್ತಿರ ಹೇಳಲಾರದ ಮಕ್ಕಳಿರುತ್ತಾರೆ. ಅದು ನಿಮ್ಮ ಸೋಲಲ್ಲ. ಅವರಿಗೆ ಇನ್ನೊಬ್ಬ ದೊಡ್ಡವರು ಬೇಕು. ಸೋದರಮಾವನೋ ಚಿಕ್ಕಮ್ಮನೋ ಪಿ.ಟಿ. ಮೇಷ್ಟ್ರೋ, ಯಾರಾದರೂ ಒಬ್ಬರು. ಸಾಧ್ಯವಾದರೆ ನೀವೇ ಹೇಳಿ: "ನನಗೆ ಹೇಳಕ್ಕೆ ಆಗದ್ದನ್ನ ಮಾವಂಗೆ ಹೇಳು. ನಾನು ಮಾವನ್ನ ಕೆದಕಲ್ಲ." ಮಾವನಿಗೂ ಹೇಳಿಡಿ, ಜೀವಕ್ಕೆ ಅಪಾಯವಿದ್ದರೆ ಮಾತ್ರ ನಮಗೆ ತಿಳಿಸು, ಉಳಿದದ್ದು ನಿಮ್ಮಿಬ್ಬರ ನಡುವೆ ಇರಲಿ ಎಂದು.

ಇದೆಲ್ಲ ಮಾಡಿದರೂ ಮಗ ಮತ್ತೆ ಸೇದುತ್ತಾನೆ, ಮಗಳು ಮತ್ತೆ ಸುಳ್ಳು ಹೇಳುತ್ತಾಳೆ. ಬಿಟ್ಟ ಚಟ ಮರಳುವುದು ಚಿಕಿತ್ಸೆಯ ದಾರಿಯಲ್ಲಿ ವೈದ್ಯರು ನಿರೀಕ್ಷಿಸುವ ಸಂಗತಿ. ಮೂರು ತಿಂಗಳು ಬಿಟ್ಟು ಒಂದು ದಿನ ಸೇದಿದ ಹುಡುಗ ಆ ಮೂರು ತಿಂಗಳನ್ನು ಕಳೆದುಕೊಂಡಿಲ್ಲ. ಅವನು ಬಂದು "ಅಮ್ಮ, ನಿನ್ನೆ ಮತ್ತೆ ಸೇದಿದೆ" ಎಂದರೆ, ಸೇದಿದ್ದಕ್ಕೆ ಬೇಸರಪಡಿ, ಆದರೆ ಹೇಳಿದ್ದನ್ನು ಗಮನಿಸಿ. ನೀವು ಕಾಯುತ್ತಿದ್ದ ಎರಡನೆಯ ಸುದ್ದಿ ಇದೇ.

ಹೆತ್ತವರಿಗೂ ನಿದ್ದೆ ಕೆಟ್ಟಿರುತ್ತದೆ, ಗಂಡ ಹೆಂಡಿರಲ್ಲಿ "ನೀನು ಮುದ್ದು ಮಾಡಿ ಕೆಡಿಸಿದೆ, ನೀನು ಹೊಡೆದು ಕೆಡಿಸಿದೆ" ಎಂಬ ಜಗಳ ನಡೆದಿರುತ್ತದೆ. ಆಗ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸಹಾಯವಾಣಿ 2022ರ ಅಕ್ಟೋಬರಿನಿಂದ ದೇಶಾದ್ಯಂತ ನಡೆಯುತ್ತಿದೆ. ಹಗಲೂ ರಾತ್ರಿಯೂ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಕರೆ ಮಾಡುವವರು ಮಗುವೇ ಆಗಬೇಕೆಂದಿಲ್ಲ. ಮಗ ಮಲಗಿದ ಮೇಲೆ, ಏನು ಮಾಡಬೇಕೆಂದು ತೋಚದೆ ಅಡುಗೆಮನೆಯಲ್ಲಿ ಕೂತ ತಾಯಿಯೂ ಮಾಡಬಹುದು, ತಂದೆಯೂ ಮಾಡಬಹುದು.